ಹದ್ದಿಲ್ಲದ ಕ್ಯಾಮರಾ

ಯಾವ ವಸ್ತು ಕೈಗೆ ಬಂದರೂ ಮೊದಲು ಅದನ್ನು ಮಗುಚಿ ತಳ ನೋಡುವುದು ನನಗೆ ಅಂಟಿಕೊಂಡಿರುವ ಚಾಳಿ. ಅರಿಶಿನ ಕುಂಕುಮಕ್ಕೆ ಹೋದ ಹೆಂಡತಿ ಸ್ಟೀಲ್ ಬಟ್ಟಲು ತಂದರೆ ಮಗುಚುತ್ತೇನೆ. ಮದುವೆಮನೆಯಲ್ಲಿ ಕಾಫಿ ಕುಡಿದು ಮುಗಿಸಿದ ಮೇಲೆ ಲೋಟ ಮಗುಚುತ್ತೇನೆ. ಹೋದ ತಿಂಗಳು ಬೀಗರ ಮನೆಯ ಪೂಜೆಯಲ್ಲಿ ಬೆಳ್ಳಿಯ ಪಂಚಪಾತ್ರೆ ಕೈಗೆ ಸಿಕ್ಕಿತು. ಅದರ ತಳದಲ್ಲಿ ಏನೋ ಅಕ್ಷರ ಕೊರೆದಿದ್ದಂತೆ ಕಂಡು, ಉಗುರಿನಿಂದ ಕೆರೆದು ನೋಡೋಣವೆಂದು ಓರೆ ಮಾಡಿದೆ. ಒಳಗೆ ತೀರ್ಥವಿದ್ದದ್ದು ನನ್ನ ಪಂಚೆ ಒದ್ದೆಯಾದ ಮೇಲೆ ಗೊತ್ತಾಯಿತು. ನನ್ನ ಹೆಂಡತಿ ಕಮಲ ಬೀಗರ ಎದುರಿಗೆ ನಗುನಗುತ್ತಲೇ ಮಾನ ತೆಗೆದಳು. "ಇವರು ರಿಟೈರ್ ಆಗಿದ್ದು ಫ್ಯಾಕ್ಟರಿಯಿಂದ ಮಾತ್ರ ಕಣ್ರೀ. ಪಾಸು, ರಿಜೆಕ್ಟು ಅನ್ನೋದು ಇನ್ನೂ ಬಿಟ್ಟಿಲ್ಲ."

ಅವಳು ಹೇಳಿದ್ದು ಅರ್ಧ ನಿಜ. ಈ ಚಾಳಿ ಫ್ಯಾಕ್ಟರಿಯಲ್ಲಿ ಹತ್ತಿದ್ದು ಹೌದು, ಆದರೆ ಕೆಲಸದಿಂದ ಹತ್ತಿದ್ದಲ್ಲ. ಶುದ್ಧ ಹೊಟ್ಟೆಕಿಚ್ಚಿನಿಂದ ಹತ್ತಿದ್ದು. ಹಳೆಯ ಮಿಲಿಟರಿ ಕ್ಯಾಮರಾಗಳಲ್ಲಿ ಯಾವುದು ಅಸಲಿ, ಯಾವುದು ನಕಲಿ ಎಂದು ಗುರುತು ಹಿಡಿಯುವ ವಿದ್ಯೆ ನನಗೆ ಗೊತ್ತು. ಆ ವಿದ್ಯೆಯನ್ನು ನಾನು ಹೇಗೆ ಕಲಿತೆ, ಕಲಿತು ಏನು ಘನಕಾರ್ಯ ಮಾಡಿದೆ ಎಂಬುದನ್ನು ಈವರೆಗೆ ಕಮಲಳಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನೀವು ನಮ್ಮ ಬೀಗರಿಗೆ ಹೇಳುವುದಿಲ್ಲ ಎಂಬ ಧೈರ್ಯವಿದೆ.

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಮೊದಲಿನಿಂದಲೂ ಜಾಣ. ಆನೇಕಲ್ಲಿನಲ್ಲಿ ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯವರೆಲ್ಲ ಸೇರಿ ಒಂದು ಗ್ರೂಪ್ ಫೋಟೋ ತೆಗೆಸಿಕೊಂಡರು. ಸ್ಟುಡಿಯೋದವನು ಮೂರು ಕಾಲಿನ ಪೆಟ್ಟಿಗೆ ಹೊತ್ತು ನಮ್ಮ ಹಿತ್ತಲಿಗೇ ಬಂದಿದ್ದ. ಕರಿಬಟ್ಟೆಯೊಳಗೆ ತಲೆ ತೂರಿಸಿ, "ಯಾರೂ ಅಲ್ಲಾಡ್ಬೇಡಿ" ಎಂದ. ನನ್ನ ಪಕ್ಕದಲ್ಲಿ ದೊಡ್ಡಪ್ಪನ ಮಗ ನಾಗರಾಜ ಹೊಸ ಟೆರಿಲಿನ್ ಷರಟು ತೊಟ್ಟು ನಿಂತಿದ್ದ. ಅದರ ಜೇಬಿನ ಮೇಲೆ ಹಡಗಿನ ಲಂಗರಿನ ಸಣ್ಣ ಕಸೂತಿ ಇತ್ತು. ನನ್ನದು ಅಣ್ಣನಿಗೆ ಚಿಕ್ಕದಾಗಿ ನನಗೆ ಇಳಿದಿದ್ದ ಖಾಕಿ. ಅಲ್ಲಾಡದೆ ನಿಲ್ಲುವುದು ನನಗೇನೂ ಕಷ್ಟವಾಗಿರಲಿಲ್ಲ, ಆ ಲಂಗರನ್ನು ನೋಡದೆ ನಿಲ್ಲುವುದು ಕಷ್ಟವಾಯಿತು. ಫೋಟೋ ಬಂದಾಗ ಎಲ್ಲರಿಗೂ ಮುಖವಿತ್ತು, ನನ್ನ ಜಾಗದಲ್ಲಿ ಮಾತ್ರ ಒಂದು ಬಿಳಿ ಮಸುಕು. ನಮ್ಮ ಅಜ್ಜಿ ಬಂದವರಿಗೆಲ್ಲ, "ಇದು ನಮ್ಮ ಚಿಕ್ಕೋನು, ಆವಾಗ ಸ್ವಲ್ಪ ಕತ್ತು ತಿರುಗಿಸಿದ್ದ" ಎಂದು ವಿವರಿಸುತ್ತಿದ್ದರು. ಯಾತಕ್ಕೆ ತಿರುಗಿಸಿದ್ದ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಶೆಡ್ಡಿಗೆ ಸೇರಿದೆ. ಎಪ್ಪತ್ತರ ದಶಕದ ನಡುವೆ ಎಂದಿಟ್ಟುಕೊಳ್ಳಿ. ನಮ್ಮದು ಗೇಜು ಮಾಡುವ ಫ್ಯಾಕ್ಟರಿ. ಬೇರೆ ಫ್ಯಾಕ್ಟರಿಯವರು ತಾವು ಕೊರೆದ ತೂತು ಸರಿಯಾಗಿದೆಯೇ ಎಂದು ನಮ್ಮ ಗೇಜು ತೂರಿಸಿ ನೋಡುತ್ತಿದ್ದರು. ಎಲ್ಲರ ತಪ್ಪು ಹಿಡಿಯುವ ಸಾಮಾನಿನ ತಪ್ಪು ಹಿಡಿಯುವುದು ನನ್ನ ಕೆಲಸ. ಕಿಟಕಿಯ ಪಕ್ಕ ನನ್ನ ಮೇಜು, ಅದರ ಮೇಲೆ ಭೂತಗನ್ನಡಿ, ಮೈಕ್ರೋಮೀಟರು, ಮೂರು ಬಣ್ಣದ ಚೀಟಿಗಳ ಕಟ್ಟು. ಹಸಿರು ಚೀಟಿ ಕಟ್ಟಿದರೆ ಪಾಸು. ಕೆಂಪು ಕಟ್ಟಿದರೆ ರಿಜೆಕ್ಟು. ಹಳದಿ ಕಟ್ಟಿದರೆ ರೀವರ್ಕು, ಅಂದರೆ ಈಗ ಸರಿಯಿಲ್ಲ, ಆದರೆ ಉಜ್ಜಿ ತಿದ್ದಿ ಸರಿ ಮಾಡಬಹುದು ಎಂದರ್ಥ. ನಾನು ಕೆಂಪು ಕಟ್ಟಿದ ಮಾಲನ್ನು ಮಾಲೀಕರೂ ಹೊರಗೆ ಕಳಿಸುತ್ತಿರಲಿಲ್ಲ. ಎಲ್ಲರೂ ನನ್ನನ್ನು ಇನ್ಸ್‌ಪೆಕ್ಟರ್ ಸಾರ್ ಎನ್ನುತ್ತಿದ್ದರು. ಹಾಗೆ ಕರೆಸಿಕೊಂಡು ಕರೆಸಿಕೊಂಡು ನನ್ನ ನಡಿಗೆಯೇ ಸ್ವಲ್ಪ ಬದಲಾಗಿತ್ತು ಎಂದು ಕಮಲ ಈಗಲೂ ಹೇಳುತ್ತಾಳೆ.

ಗ್ರೈಂಡಿಂಗ್ ಮಿಷನ್ನಿನಲ್ಲಿ ಪುಟ್ಟಸ್ವಾಮಿ ಎಂಬವನಿದ್ದ. ಪೀಣ್ಯದ ಹಳ್ಳಿಯವನೇ. ಶೆಡ್ಡುಗಳು ಬರುವ ಮೊದಲು ಅಲ್ಲಿ ಅವರ ರಾಗಿ ಹೊಲವಿತ್ತಂತೆ. "ಇಗಳಿ ಸಾರ್, ನನ್ ಮಿಸನ್ನು ನಿಂತದಲ್ಲ, ಇಲ್ಲೇ ನಮ್ಮಪ್ಪ ಅವರೆ ಸಾಲು ಇಡ್ತಿದ್ದ" ಎಂದು ಕಾಲಿನಿಂದ ಸಿಮೆಂಟು ನೆಲ ಒತ್ತಿ ತೋರಿಸುತ್ತಿದ್ದ. ನಾನು ಎರಡು ಬಸ್ಸು ಬದಲಾಯಿಸಿ, ಬೆವರಿ, ತಣ್ಣಗಾದ ಚಿತ್ರಾನ್ನ ಬಿಚ್ಚುವ ಹೊತ್ತಿಗೆ ಅವನು ಆರಾಮಾಗಿ ಮನೆಗೆ ನಡೆದು ಹೋಗಿ ಬಿಸಿ ಮುದ್ದೆ ಉಂಡು ಬರುತ್ತಿದ್ದ. ಆ ಮುದ್ದೆಯ ಮೇಲೂ ನನಗೆ ಕಣ್ಣಿತ್ತು. ಇನ್ನು ಅವನ ಕೆಲಸವಂತೂ ಕೇಳಲೇ ಬೇಡಿ. ಕಲ್ಲು ಲೋಹಕ್ಕೆ ತಾಗುವ ಸದ್ದು ಕೇಳಿಯೇ ಎಷ್ಟು ಉಜ್ಜಿದ್ದೇನೆ ಎಂದು ಹೇಳುತ್ತಿದ್ದ. ನಾನು ಮೈಕ್ರೋಮೀಟರು ಹಚ್ಚಿ ಕಣ್ಣು ಕಿರಿದು ಮಾಡಿ ನೋಡಿದರೆ ಅವನು ಹೇಳಿದಷ್ಟೇ ಇರುತ್ತಿತ್ತು. ತಪ್ಪು ಹುಡುಕುವ ಕೆಲಸದವನಿಗೆ ತಪ್ಪೇ ಮಾಡದವನ ಪಕ್ಕದಲ್ಲಿ ಹತ್ತು ವರ್ಷ ಕೂರುವುದು ಸುಲಭವಲ್ಲ.

ಆದರೂ ಒಂದು ವಿಷಯದಲ್ಲಿ ನಾನು ಅವನಿಗಿಂತ ಮೇಲಿದ್ದೆ. ನನ್ನ ಹತ್ತಿರ ಕ್ಯಾಮರಾ ಇತ್ತು. ಅದೂ ಎಂಥ ಕ್ಯಾಮರಾ. ಆಗ ಪೇಟೆಯಲ್ಲಿ ಭಾನುವಾರ ಬೆಳಿಗ್ಗೆ, ಮುಚ್ಚಿದ ಅಂಗಡಿಗಳ ಮುಂದೆ ಗೋಣಿತಾಟು ಹಾಸಿ ಹಳೇ ಸಾಮಾನು ಮಾರುತ್ತಿದ್ದರು. ಗ್ರಾಮಫೋನು, ಗಡಿಯಾರ, ದೂರದರ್ಶಕ, ಯಾರದೋ ಮನೆಯ ಹಿತ್ತಾಳೆ ಬೀಗ. ಹಳೇ ಕ್ಯಾಮರಾ ಕೂಡಿಡುವ ಷೋಕಿಯ ಲಾಯರುಗಳು, ಡಾಕ್ಟರುಗಳು ಅಲ್ಲಿ ಬೆಳಿಗ್ಗೆಯೇ ಬಂದು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಅವರ ಪಕ್ಕದಲ್ಲಿ ನಾನೂ ಕೂರಲು ಶುರು ಮಾಡಿದೆ. ಒಂದು ಭಾನುವಾರ ಅದು ನನ್ನ ಕಣ್ಣಿಗೆ ಬಿತ್ತು. ಮೈಯೆಲ್ಲ ಚಿನ್ನದ ಬಣ್ಣ, ಸುತ್ತ ಕೆಂಪು ಚರ್ಮ, ಮೇಲೆ ಜರ್ಮನಿಯ ಹೆಸರಾಂತ ಕಂಪನಿಯ ಹೆಸರು, ಅದರ ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ದೊಡ್ಡ ಹದ್ದು. "ಜರ್ಮನಿ ಮಿಲಿಟ್ರಿ ಮಾಲು ಸಾರ್. ವಿಮಾನದಾಗೆ ಕೂತ್ಕೊಂಡು ಬಾಂಬ್ ಹಾಕೋ ಮುಂಚೆ ಇದ್ರಾಗೇ ಫೋಟೋ ಹಿಡೀತಿದ್ರು" ಎಂದ ಮಾರುವವನು. ನಾನು ಕೊಂಡೆ. ಹೇಗೆ ಹೊಂದಿಸಿದೆ ಎಂದು ಕೇಳಬೇಡಿ, ಕಮಲ ಇದನ್ನು ಓದುವ ಸಾಧ್ಯತೆ ಇದೆ.

ಸೋಮವಾರ ಅದನ್ನು ಫ್ಯಾಕ್ಟರಿಗೆ ಒಯ್ದೆ. ಊಟದ ಹೊತ್ತಿನಲ್ಲಿ ಸುತ್ತ ನಿಂತವರಿಗೆ ಎರಡನೆಯ ಮಹಾಯುದ್ಧವನ್ನು ನಾನೇ ಮುಂದೆ ನಿಂತು ನಡೆಸಿದವನಂತೆ ವರ್ಣಿಸಿದೆ. ಆ ವರ್ಷದ ಆಯುಧಪೂಜೆಗೆ ಮಾಲೀಕರು ಸ್ಟುಡಿಯೋದವನನ್ನು ಕರೆಸಲಿಲ್ಲ. "ನಮ್ಮ ಇನ್ಸ್‌ಪೆಕ್ಟರ ಹದ್ದು ಇದೆಯಲ್ಲ" ಎಂದರು. ಪೂಜೆಯ ದಿನ ಎಲ್ಲರೂ ಹಣೆಗೆ ಕುಂಕುಮವಿಟ್ಟು ಶೆಡ್ಡಿನ ಮುಂದೆ ಸಾಲಾಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು "ಎಡಕ್ಕೆ ಸ್ವಲ್ಪ ಸರಿಯಿರಿ" ಎಂದರೆ ಮಾಲೀಕರೂ ಸರಿಯುತ್ತಿದ್ದರು. ಮುಂದಿನ ವರ್ಷವೂ ನಾನೇ. ವರ್ಷದಲ್ಲಿ ಆ ಹತ್ತು ನಿಮಿಷಕ್ಕಾಗಿ ಉಳಿದ ದಿನಗಳೆಲ್ಲ ಎರಡು ಬಸ್ಸು ಹತ್ತಬಹುದು ಅನ್ನಿಸುತ್ತಿತ್ತು.

ಅದಾದ ಮೇಲೆ ಕ್ಯಾಮರಾದ ಷಟರು ಕಚ್ಚಿಕೊಂಡಿತು. ಶಿವಾಜಿನಗರದಲ್ಲಿ ಖಾದರ್ ಸಾಹೇಬರೆಂಬ ಹಳೇ ರಿಪೇರಿಯವರಿದ್ದರು, ಅವರಲ್ಲಿಗೆ ಒಯ್ದೆ. ಅವರು ಹದ್ದಿನ ಮೇಲೆ ಒಮ್ಮೆ ಬೆರಳಾಡಿಸಿದರು. ಮುಂದಿನ ಲೆನ್ಸು ತಿರುಗಿಸಿ ಬಿಚ್ಚಿ, ಒಳಗೆ ಟಾರ್ಚು ಬಿಟ್ಟು, ನನ್ನನ್ನು ಹತ್ತಿರ ಕರೆದರು. "ಇಲ್ಲಿ ನೋಡಿ ಸಾಬ್. ಲೆನ್ಸು ತಿರುಗಿದ್ರೆ ಇದು ಆಡ್ತದೆ. ಜರ್ಮನಿ ಮಾಲಾದ್ರೆ ಇಲ್ಲಿ ಚಿಕ್ಕ ರೌಂಡ್ ಚಕ್ರ ಇರ್ತದೆ. ನಿಮ್ದು ನೋಡಿ, ಬೆಣೆ ಥರಾ ಇದೆ. ಇದು ರಷ್ಯಾದು. ರಷ್ಯಾದ್ ಮೇಲೆ ಜರ್ಮನಿ ಹೆಸರು ಕೊರೆದವ್ರೆ."

ನನ್ನ ಮುಖ ಇಂಗು ತಿಂದ ಮಂಗನಂತಾಗಿರಬೇಕು. ಅವರು ಷಟರು ಸರಿ ಮಾಡಿಕೊಡುತ್ತಾ ಸಮಾಧಾನಕ್ಕೆ, "ಕ್ಯಾಮರಾ ಒಳ್ಳೇದೇ ಸಾಬ್, ಹೆಸರೇ ಸುಳ್ಳು" ಎಂದರು. ಅದೇನು ಸಮಾಧಾನವೋ. ನನಗೆ ಬೇಕಾಗಿದ್ದದ್ದು ಆ ಹೆಸರೇ ತಾನೆ.

ಈ ಸಂಗತಿಯನ್ನು ಫ್ಯಾಕ್ಟರಿಯಲ್ಲಿ ನಾನು ಹೇಳಲಿಲ್ಲ. ಹೇಳುವುದು ಹೇಗೆ? ಕೂದಲೆಳೆಯಷ್ಟು ತಪ್ಪಿದರೂ ಕೆಂಪು ಚೀಟಿ ಕಟ್ಟುವ ಇನ್ಸ್‌ಪೆಕ್ಟರು ಎರಡು ವರ್ಷದಿಂದ ನಕಲಿ ಮಾಲನ್ನು ಕೊರಳಿಗೆ ನೇತುಹಾಕಿಕೊಂಡು ತಿರುಗುತ್ತಿದ್ದ ಎಂದರೆ ನನ್ನ ಮೇಜಿನ ಗತಿ ಏನು? ಬದಲಿಗೆ ನಾನು ಬೇರೆಯವರ ಕ್ಯಾಮರಾಗಳನ್ನು ನೋಡಲು ಶುರು ಮಾಡಿದೆ. ನನ್ನೊಬ್ಬನಿಗೇ ಮೋಸವಾಗಿಲ್ಲ ಎಂದು ತಿಳಿದರೆ ಅದೊಂದು ತೃಪ್ತಿ. ಪ್ರತಿ ಭಾನುವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪೇಟೆಗೆ ಹೋಗುತ್ತಿದ್ದೆ. ಹೊಟ್ಟೆಕಿಚ್ಚಿನಿಂದ ಕಲಿತ ವಿದ್ಯೆ ಎಷ್ಟು ಬೇಗ ತಲೆಗೆ ಹತ್ತುತ್ತದೆ ಎಂದರೆ, ಆರು ತಿಂಗಳಲ್ಲಿ ಖಾದರ್ ಸಾಹೇಬರೇ ನನ್ನ ಕೈಗೆ ಕ್ಯಾಮರಾ ಕೊಟ್ಟು, "ನೀವೊಂದ್ಸಲ ನೋಡಿ ಸಾಬ್" ಎನ್ನುವಂತಾಯಿತು.

ಗುಟ್ಟು ಬಹಳವೇನಿಲ್ಲ. ಮೊದಲನೆಯದಾಗಿ, ಅಬ್ಬರ ಕಂಡರೆ ಅನುಮಾನ ಪಡಬೇಕು. ಮಿಲಿಟರಿಯವರಿಗೆ ಒಡವೆಯ ಷೋಕಿ ಇರುವುದಿಲ್ಲ. ಚಿನ್ನದ ಬಣ್ಣ, ಕೆಂಪು ಚರ್ಮ, ರೆಕ್ಕೆ ಬಿಚ್ಚಿದ ಹದ್ದು, ಇವೆಲ್ಲ ಕೊಳ್ಳುವವನಿಗಾಗಿ ಮಾಡಿದ ಸಿಂಗಾರ. ಅಸಲಿಯ ಹಿಂಬದಿಯಲ್ಲಿ ಇದು ವಾಯುಪಡೆಯ ಸೊತ್ತು ಎಂದು ಜರ್ಮನ್ ಭಾಷೆಯಲ್ಲಿ ಸಣ್ಣಗೆ ಬರೆದಿರುತ್ತದೆ, ಸರ್ಕಾರಿ ಬೆಂಚಿನ ಮೇಲೆ ಇಲಾಖೆಯ ಹೆಸರು ಬರೆದಂತೆ. ಆಮೇಲೆ ಕಂಪನಿಯ ಹೆಸರಿನ ಅಕ್ಷರ. ಅವರು ಮೊದಲು ಅಕ್ಷರ ಕೊರೆದು ಆಮೇಲೆ ಕ್ರೋಮಿಯಂ ಏರಿಸುತ್ತಿದ್ದರು, ಅದರಿಂದ ಅಕ್ಷರದ ಅಂಚಿನಲ್ಲೂ ಹೊಳಪು ಒಂದೇ ಸಮ. ನಕಲಿಯವನು ಇದ್ದ ಹೆಸರನ್ನು ಉಜ್ಜಿ ಅಳಿಸಿ, ಮತ್ತೆ ಪ್ಲೇಟಿಂಗ್ ಮಾಡಿಸಿ, ಕೊನೆಗೆ ಕೊರೆಯುತ್ತಾನೆ, ಹಾಗಾಗಿ ಅಂಚಿನಲ್ಲಿ ಒಳಮೈಯ ಹಿತ್ತಾಳೆಯ ಹಳದಿ ಇಣುಕುತ್ತದೆ. ಉಜ್ಜಿದ ಮುಚ್ಚಳ ಸ್ವಲ್ಪ ತೆಳುವೂ ಆಗಿರುತ್ತದೆ. ಕೊನೆಗೆ ಒಳಗಿನ ಚಕ್ರ, ಅದು ಇದ್ದರೆ ಮಾತು ಮುಗಿಯಿತು. ಒಬ್ಬ ಲಾಯರು ತಮ್ಮ ಮೂರು ಕ್ಯಾಮರಾಗಳನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದರು. ಮೂರೂ ನಕಲಿ. ಆ ದಿನ ಮನೆಗೆ ಬಂದು ಎರಡು ದೋಸೆ ಹೆಚ್ಚಿಗೆ ತಿಂದೆ.

ಹೀಗಿರುವಾಗ ಒಂದು ಸೋಮವಾರ ಪುಟ್ಟಸ್ವಾಮಿ ನನ್ನ ಮೇಜಿನ ಹತ್ತಿರ ಬಂದ. ಕೈಯಲ್ಲಿ ಟಿಫಿನ್ ಚೀಲ. ಅದರಿಂದ ಒಂದು ಟವಲಿನ ಗಂಟು ತೆಗೆದು, ಬಿಚ್ಚಿ, ಕ್ಯಾಮರಾವೊಂದನ್ನು ನನ್ನ ಮುಂದಿಟ್ಟ. ಅವನ ಅಕ್ಕನನ್ನು ವರ್ತೂರಿಗೆ ಕೊಟ್ಟಿದ್ದರು. ಅಲ್ಲಿಗೆ ಹೋದಾಗಲೆಲ್ಲ ಅವನು ವೈಟ್‌ಫೀಲ್ಡಿನಲ್ಲಿದ್ದ ಒಬ್ಬ ಆಂಗ್ಲೋ ಇಂಡಿಯನ್ ಮುದುಕರ ಬಾವಿಯ ಮೋಟಾರು ಸರಿ ಮಾಡಿಕೊಡುತ್ತಿದ್ದನಂತೆ. ಆ ಮುದುಕರು ಯುದ್ಧದಲ್ಲಿದ್ದವರು. ಈಗ ಮನೆ ಖಾಲಿ ಮಾಡಿ ಮಗಳಿರುವ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಹೋಗುವಾಗ ಇವನನ್ನು ಕರೆಸಿ ಇದನ್ನು ಕೈಗಿಟ್ಟರಂತೆ.

"ಯಾವ್ದೋ ಮರಳುಗಾಡ್ನಾಗೆ ವಿಮಾನದೋನು ಒಬ್ಬ ಸಿಕ್ಕಾಕ್ಕಂಡನಂತೆ ಸಾರ್, ಅವನ ತಾವ ಇದ್ದದ್ದು. ಸತ್ತೋನ್ದಾ ದೊರೆ ಅಂತ ಕೇಳ್ದೆ. ಇಲ್ಲ ಕಣಪ್ಪ, ಸೆರೆ ಸಿಕ್ಕಿದೋನ್ದು, ಆಮೇಲೆ ಬದುಕಿ ಊರಿಗೋದ ಅಂದ್ರು. ಅದುಕ್ಕೇ ಈಸ್ಕಂಡೆ." ಇಷ್ಟು ಹೇಳಿ ತಲೆ ಕೆರೆದುಕೊಂಡ. "ಆದ್ರೆ ನಿಮ್ದ್ರಂಗೆ ಹದ್ದಿಲ್ಲ ನೋಡಿ. ನಮ್ಮೋರೆಲ್ಲ ಡೂಪ್ಲಿಕೇಟು ಅಂತಾವ್ರೆ. ನೀವೊಂದ್ ದಪ ನೋಡಿ ಯೋಳ್ಬುಡಿ ಸಾರ್. ನೀವು ಯೋಳಿದ್ರೆ ಮುಗೀತು."

ಆಗ ಕರೆಂಟು ಹೋಗಿತ್ತು. ಮಿಷನ್ನುಗಳೆಲ್ಲ ನಿಂತು ಶೆಡ್ಡು ನಿಶ್ಶಬ್ದವಾಗಿತ್ತು. ಪಕ್ಕದ ಶೆಡ್ಡಿನ ಪ್ಲೇಟಿಂಗ್ ತೊಟ್ಟಿಗಳ ಆಸಿಡ್ ವಾಸನೆ ಕಿಟಕಿಯಿಂದ ಬರುತ್ತಿತ್ತು. ನಾನು ಕ್ಯಾಮರಾವನ್ನು ಬೆಳಕಿಗೆ ಹಿಡಿದು ಮಗುಚಿದೆ. ಅಲ್ಲಲ್ಲಿ ಸವೆದ ಬೂದು ಬಣ್ಣದ ಮೈ. ಯಾವ ಷೋಕಿಯೂ ಇಲ್ಲ. ಹಿಂಬದಿಯಲ್ಲಿ ಆ ಸಣ್ಣ ಬರಹ. ಭೂತಗನ್ನಡಿ ಇಟ್ಟು ಹೆಸರಿನ ಅಕ್ಷರ ನೋಡಿದೆ, ಅಂಚಿನಲ್ಲಿ ಹಳದಿಯ ಸುಳಿವಿಲ್ಲ. ಲೆನ್ಸು ಬಿಚ್ಚಿದೆ. ಒಳಗೆ ಕಡಲೆಬೇಳೆಗಿಂತ ಚಿಕ್ಕದಾದ ಚಕ್ರವೊಂದು ಕುಳಿತಿತ್ತು. ಬೆರಳ ತುದಿಯಿಂದ ಮುಟ್ಟಿದರೆ ತಿರುಗಿತು.

ಅಸಲಿ. ಅಷ್ಟು ಭಾನುವಾರ ಪೇಟೆಯ ಧೂಳು ಕುಡಿದು ನಾನು ಹುಡುಕುತ್ತಿದ್ದದ್ದು, ನನಗೆ ಒಮ್ಮೆಯೂ ಸಿಗದಿದ್ದದ್ದು, ಬಾವಿಯ ಮೋಟಾರು ರಿಪೇರಿ ಮಾಡಿದ್ದಕ್ಕೆ ಇವನ ಟಿಫಿನ್ ಚೀಲದೊಳಗೆ ತಾನಾಗಿ ಬಂದು ಕುಳಿತಿತ್ತು. ನನ್ನ ಹೊಟ್ಟೆಯಲ್ಲಿ ಏನಾಯಿತೆಂದು ಬಣ್ಣಿಸಲಾರೆ. ಉರಿ ಎಂದರೆ ನಿಜವಾದ ಉರಿ, ಹಸಿಮೆಣಸಿನಕಾಯಿ ಜಗಿದು ನುಂಗಿದಂತೆ. ಅದರ ಹಿಂದೆಯೇ ಹೆದರಿಕೆ ಬಂತು. ಹದ್ದಿಲ್ಲದ ಇದು ಅಸಲಿ ಎಂದರೆ ಹದ್ದಿರುವ ನನ್ನದು ಏನು ಎಂದು ಇವನಲ್ಲದಿದ್ದರೆ ಇನ್ನೊಬ್ಬ ಕೇಳುತ್ತಾನೆ. ಆಯುಧಪೂಜೆಗೆ ಇನ್ನು ಇಪ್ಪತ್ತು ದಿನವಿತ್ತು.

"ಡೂಪ್ಲಿಕೇಟು" ಎಂದೆ. "ರಷ್ಯಾದ್ದು. ಹೆಸರು ಆಮೇಲೆ ಕೊರೆದಿರೋದು."

ಪುಟ್ಟಸ್ವಾಮಿ ಟವಲಿನ ತುದಿಯಿಂದ ಕ್ಯಾಮರಾದ ಮೈ ಒರೆಸಿದ. ಅವನು ಬೇಜಾರು ಪಟ್ಟುಕೊಳ್ಳುವುದನ್ನು ನೋಡಬೇಕೆಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು, "ಪಾಪ ದೊರೆಗೆ ಗೊತ್ತಿರ್ಲಿಲ್ಲ ಅಂತ ಕಾಣ್ತದೆ. ಅವ್ರಿಗೆ ಯಾರೋ ಮೋಸ ಮಾಡವ್ರೆ" ಎಂದ. ಆಮೇಲೆ, "ರಿಜೆಕ್ಟಾ ಸಾರ್, ರೀವರ್ಕಾ?" ಎಂದು ಕೇಳಿದ.

ಗೆದ್ದವನಿಗೆ ಸ್ವಲ್ಪ ಉದಾರತನ ಬರುತ್ತದೆ. ನಾನು ನಕ್ಕು, "ಫೋಟೋ ಬರುತ್ತಲ್ಲ, ರೀವರ್ಕ್ ಅಂದ್ಕೋ" ಎಂದು ತಮಾಷೆಗೆ ಒಂದು ಹಳದಿ ಚೀಟಿ ಹರಿದು ಅದರ ಪಟ್ಟಿಗೆ ಕಟ್ಟಿಕೊಟ್ಟೆ. ಅವನು ನಗಲಿಲ್ಲ. ಅದನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡು ಹೋದ.

ಮೂರು ದಿನ ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ. ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇರಲಿಲ್ಲ. ನಾಲ್ಕನೆಯ ದಿನ ಸ್ನಾನ ಮಾಡುವಾಗ ಒಂದು ಯೋಚನೆ ಹೊಳೆಯಿತು. ಅವನಿಗೆ ಹದ್ದು ಇಷ್ಟ. ನನಗೆ ಚಕ್ರ ಇಷ್ಟ. "ಪುಟ್ಟಸ್ವಾಮಿ, ನೀನು ಬೇಜಾರು ಮಾಡಿಕೊಳ್ಳಬೇಡ, ನನ್ನ ಅಸಲಿಯನ್ನು ನೀನು ಇಟ್ಕೋ, ನಿನ್ನ ಡೂಪ್ಲಿಕೇಟು ನನಗಿರಲಿ, ನನಗೇನು, ಫೋಟೋ ಬಂದರೆ ಸಾಕು" ಎಂದು ಹೇಳಿದರೆ? ಅವನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡುವುದು ಕೂಡ ಕಣ್ಣ ಮುಂದೆ ಬಂತು. ಅದು ಕಂಡು ಒಂದು ಗಳಿಗೆ ನನಗೇ ನನ್ನ ಮೇಲೆ ಗೌರವ ಹುಟ್ಟಿತು, ಎಂಥ ದೊಡ್ಡ ಮನಸ್ಸು ಇವನದು ಎಂದು. ಆ ಮಾತನ್ನು ಬಸ್ಸಿನಲ್ಲಿ ಕೂತು ಒಂದು ವಾರ ಅಭ್ಯಾಸ ಮಾಡಿದೆ. ಎಲ್ಲಿ ನಿಟ್ಟುಸಿರು ಬಿಡಬೇಕು, ಎಲ್ಲಿ ಹೆಗಲ ಮೇಲೆ ಕೈ ಇಡಬೇಕು ಎಂಬುದೆಲ್ಲ ಗೊತ್ತಾಗಿತ್ತು.

ಅದಾದ ಮೇಲಿನ ಸೋಮವಾರ ಹದ್ದಿನ ಕ್ಯಾಮರಾವನ್ನು ಚೀಲದಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಸ್ವಾಮಿ ನನ್ನ ಮೇಜಿನ ಮುಂದೆ ನಿಂತಿದ್ದ. ಟವಲಿನ ಗಂಟು ಬಿಚ್ಚಿದ. ಮೊದಲು ನನಗೆ ಅದು ಬೇರೆ ಯಾವುದೋ ಕ್ಯಾಮರಾ ಅನ್ನಿಸಿತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಟ್ಟಿಯಲ್ಲಿ ನಾನು ಕಟ್ಟಿದ ಹಳದಿ ಚೀಟಿ ಹಾಗೇ ಇತ್ತು.

"ರೀವರ್ಕ್ ಆಗದೆ ಸಾರ್" ಎಂದ. "ಪಾಸ್ ಮಾಡಿ."

ಅವನು ಮಾಡಿದ್ದು ಇಷ್ಟೇ. ಮೇಲಿನ ಮುಚ್ಚಳ ಬಿಚ್ಚಿದ್ದಾನೆ. ಬಫಿಂಗ್ ಶೆಡ್ಡಿಗೆ ಒಯ್ದು ಕಂಪನಿಯ ಹೆಸರು, ನಂಬರು, ಹಿಂಬದಿಯ ಸಣ್ಣ ಬರಹ, ಎಲ್ಲವನ್ನೂ ಉಜ್ಜಿ ನುಣ್ಣಗೆ ಮಾಡಿಸಿದ್ದಾನೆ. ಪ್ಲೇಟಿಂಗ್‌ನವರ ಹತ್ತಿರ ಹೊಸ ಕ್ರೋಮಿಯಂ ಹಾಕಿಸಿದ್ದಾನೆ. ಆಮೇಲೆ ನಮ್ಮ ಗೇಜುಗಳಿಗೆ ನಂಬರು ಕೊರೆಯುವ ಮಿಷನ್ನಿನಲ್ಲೇ, ಇಂಗ್ಲಿಷ್ ಅಕ್ಷರದಲ್ಲಿ, ಪುಟ್ಟಸ್ವಾಮಿ, ಪೀಣ್ಯ ಎಂದು ಕೊರೆಸಿದ್ದಾನೆ. ಕೆಲಸ ಎಂದರೆ ಕೆಲಸ. ಎಲ್ಲಿಯೂ ಒಂದು ಗೀರಿಲ್ಲ.

"ಸುಳ್ಳು ಎಸ್ರು ಒತ್ಕಂಡು ತಿರುಗಾದು ಯಾಕೆ ಸಾರ್" ಎಂದ. "ನೀವು ರೀವರ್ಕ್ ಅಂದ್ರಲ್ಲ, ಅದೇ ಸರಿ ಅನ್ನುಸ್ತು. ಮೊದ್ಲು ಮೇಡ್ ಇನ್ ಇಂಡಿಯಾ ಅಂತ ಹಾಕ್ಸಾನ ಅಂದ್ಕಂಡೆ. ಆದ್ರೆ ಮಾಡಿದ್ದು ಇಲ್ಲಲ್ವಲ್ಲ, ಅದೂ ಸುಳ್ಳಾಯ್ತದೆ ಅಂತ ಬುಟ್ಟೆ. ನನ್ ಎಸ್ರು ಹಾಕಿದ್ರೆ ಸುಳ್ಳಿಲ್ಲ ನೋಡಿ, ಇದು ನಂದೇಯ."

ನಾನು ಭೂತಗನ್ನಡಿ ತೆಗೆದುಕೊಂಡೆ. ಹೊಸ ಅಕ್ಷರಗಳ ಅಂಚಿನಲ್ಲಿ ಹಿತ್ತಾಳೆಯ ಹಳದಿ ಸ್ಪಷ್ಟವಾಗಿ ಕಾಣುತ್ತಿತ್ತು. ಮುಚ್ಚಳದ ಅಂಚು ಮೈಕ್ರೋಮೀಟರಿನಲ್ಲಿ ತೆಳುವಾಗಿತ್ತು. ಪೇಟೆಯಲ್ಲಿ ನಕಲಿ ಮಾಡುವ ಕಳ್ಳರು ಏನೇನು ಮಾಡುತ್ತಾರೋ ಅದನ್ನೆಲ್ಲ ಈ ಪುಣ್ಯಾತ್ಮ ಪ್ರಾಮಾಣಿಕನಾಗಿ ಇರಲಿಕ್ಕಾಗಿ ಮಾಡಿದ್ದ. ಒಳಗೆ ಚಕ್ರವಿದ್ದರೂ ಇನ್ನು ಜಗತ್ತಿನ ಯಾವ ಸಂಗ್ರಹಕಾರನೂ ಇದನ್ನು ಅಸಲಿ ಮಿಲಿಟರಿ ಮಾಲು ಎನ್ನುವುದಿಲ್ಲ. ಅದು ಅಸಲಿಯೆಂದು ತಿಳಿದು ಕಣ್ಣಾರೆ ಕಂಡವನು ನಾನೊಬ್ಬನೇ. ಆಗ ನನಗೆ ಮೊದಲು ಬಂದ ಯೋಚನೆ ಅವನಿಗೆ ಎಂಥ ನಷ್ಟವಾಯಿತು ಎಂಬುದಲ್ಲ. ಅಯ್ಯೋ, ನನಗೆ ಸಿಗದೆ ಹೋಯಿತಲ್ಲ ಎಂಬುದು. ನಾಚಿಕೆ ಬಂದದ್ದು ಅದಾದ ಮೇಲೆ. ಹಸಿರು ಚೀಟಿ ಕಟ್ಟಿದೆ. ಹದ್ದಿನ ಕ್ಯಾಮರಾ ನನ್ನ ಚೀಲದಲ್ಲೇ ಉಳಿದು ಸಂಜೆ ಮನೆಗೆ ಬಂತು.

ಪೂಜೆಯ ದಿನ ಅದನ್ನು ನಾನು ಒಯ್ಯಲಿಲ್ಲ. ಮಿಷನ್ನುಗಳಿಗೆಲ್ಲ ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳ ಒಡೆದದ್ದಾಯಿತು. ಮಾಲೀಕರು, "ಎಲ್ರೀ ಇನ್ಸ್‌ಪೆಕ್ಟರೇ ನಿಮ್ಮ ಹದ್ದು?" ಎಂದರು. ಷಟರು ಕಚ್ಚಿಕೊಂಡಿದೆ ಎಂದು ಗೊಣಗಿದೆ. ಪುಟ್ಟಸ್ವಾಮಿ ಸಾಲಿನಿಂದ ಮುಂದೆ ಬಂದು ತನ್ನದನ್ನು ನನ್ನ ಕೈಗಿಟ್ಟ. "ಇದ್ರಾಗೇ ತೆಗೀರಿ ಸಾರ್. ನೀವು ಪಾಸ್ ಮಾಡಿರೋದೇ ಅಲ್ವಾ."

ಆ ಬಗೆಯ ಕ್ಯಾಮರಾದಲ್ಲಿ ಕಣ್ಣಿಟ್ಟರೆ ಎದುರಿಗಿರುವುದು ಮೊದಲು ಎರಡೆರಡಾಗಿ ಕಾಣುತ್ತದೆ. ಲೆನ್ಸು ತಿರುಗಿಸುತ್ತಾ ಹೋದರೆ ಎರಡೂ ಸರಿದು ಬಂದು ಒಂದಾಗುತ್ತವೆ. ಒಳಗಿನ ಆ ಚಿಕ್ಕ ಚಕ್ರದ ಕೆಲಸ ಅದೇ, ಅದನ್ನು ಅವನು ಮುಟ್ಟಿರಲಿಲ್ಲ. ಮಾಲೀಕರ ಪಕ್ಕದಲ್ಲಿ ಪುಟ್ಟಸ್ವಾಮಿ ಎರಡು ಮುಖವಾಗಿ ನಿಂತಿದ್ದ. ನಾನು ತಿರುಗಿಸಿದೆ. ಎಷ್ಟು ನಯವಾಗಿ ತಿರುಗಿತೆಂದರೆ, ನನ್ನ ಹದ್ದಿನ ಕ್ಯಾಮರಾ ಎರಡು ವರ್ಷದಲ್ಲಿ ಒಂದು ಸಲವೂ ಹಾಗೆ ತಿರುಗಿರಲಿಲ್ಲ. ಎರಡು ಮುಖ ಒಂದಾಗಿ ಅವನು ನನ್ನನ್ನು ನೋಡಿ ನಗುತ್ತಿದ್ದ. ನಾನು ಗುಂಡಿ ಒತ್ತಿದೆ.

ಆಮೇಲೆ ಎಲ್ಲರೂ ಕಡ್ಲೇಪುರಿ, ಬೂಂದಿಯ ಪೊಟ್ಟಣ ಹಿಡಿದು ಅಲ್ಲಲ್ಲಿ ಕುಳಿತರು. ಶೆಡ್ಡಿನ ಮೆಟ್ಟಿಲ ಮೇಲೆ ಅವನ ಪಕ್ಕದಲ್ಲಿ ನಾನೂ ಕುಳಿತೆ. ಇನ್ನು ತಡೆಯಲಾಗಲಿಲ್ಲ.

"ಪುಟ್ಟಸ್ವಾಮಿ, ನಿನ್ನ ಕ್ಯಾಮರಾ ಅಸಲಿಯಾಗಿತ್ತು. ನಾನು ಸುಳ್ಳು ಹೇಳಿದೆ. ನನ್ನದೇ ಡೂಪ್ಲಿಕೇಟು. ಹೊಟ್ಟೆಕಿಚ್ಚಿಗೆ ಹಾಗೆ ಹೇಳಿಬಿಟ್ಟೆ ಕಣೋ."

ಅವನು ಪುರಿ ಜಗಿಯುವುದು ನಿಲ್ಲಿಸಿ ನನ್ನನ್ನು ನೋಡಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವನ ಮುಖದಲ್ಲಿ ನಿಧಾನವಾಗಿ ನಗು ಬಂತು.

"ಸುಮ್ಕಿರಿ ಸಾರ್" ಎಂದ. "ಪುಟ್ಟಸ್ವಾಮಿ ಉಜ್ಜಿಸ್ಬುಟ್ಟ, ದೊರೆ ಕೊಟ್ಟಿದ್ದು ಡೂಪ್ಲಿಕೇಟು ಅಂತ ಒಳಗೇ ನೊಂದ್ಕತಾವ್ನೆ, ಅವನ ಬೇಜಾರು ಕಳೀಬೇಕು ಅಂತ ಇಂಗಂತಾ ಇದ್ದೀರಿ."

"ಇಲ್ವೋ, ದೇವರಾಣೆ. ಒಳಗೆ ಚಕ್ರ ಇದೆ, ಬಾ ತೋರಿಸ್ತೀನಿ."

"ಹತ್ತು ವರ್ಷದಿಂದ ನೋಡ್ತಾವ್ನಿ ಸಾರ್ ನಿಮ್ಮ. ಮಾಲೀಕ್ರು ಗೋಗರೆದ್ರೂ ತಪ್ಪು ಮಾಲು ಪಾಸ್ ಮಾಡ್ದೋರಲ್ಲ ನೀವು. ಆವತ್ತು ನೋಡಿ ಯೋಳಿದ್ದೇ ಸತ್ಯ. ಇವತ್ತು ನನ್ ಮೇಲಿನ ಪ್ರೀತಿಗೆ ನಿಮ್ ಕ್ಯಾಮರಾನೇ ಡೂಪ್ಲಿಕೇಟು ಅಂತ ಬೈಕತಾ ಇದ್ದೀರಿ. ನಿಮಗೆ ಸುಳ್ಳು ಯೋಳಕ್ಕೆ ಬರಾಕಿಲ್ಲ, ಸಿಕ್ಕಾಕ್ಕತೀರ." ಇಷ್ಟು ಹೇಳಿ ತನ್ನ ಪೊಟ್ಟಣದ ಬೂಂದಿಯನ್ನು ಅರ್ಧ ನನ್ನ ಕೈಗೆ ಸುರಿದ. "ತಿನ್ನಿ ಸಾರ್."

ಇನ್ನೂ ಎರಡು ಸಲ ಹೇಳಿ ನೋಡಿದೆ. ಹೇಳಿದಷ್ಟೂ ಅವನಿಗೆ ನನ್ನ ಮೇಲೆ ಅಭಿಮಾನ ಹೆಚ್ಚುತ್ತಾ ಹೋಯಿತು, ಹಾಗಾಗಿ ನಿಲ್ಲಿಸಿದೆ. ಅವನು ಹೊಳೆಯುವ ಕ್ಯಾಮರಾವನ್ನು ತೊಡೆಯ ಮೇಲಿಟ್ಟುಕೊಂಡು, ಪುರಿ ಮುಕ್ಕುತ್ತಾ, ನಿಶ್ಚಿಂತೆಯಾಗಿ ರಸ್ತೆ ನೋಡುತ್ತಿದ್ದ. ಪಕ್ಕದಲ್ಲಿ ಕುಳಿತವನು ನನಗೆ ಕೆಟ್ಟದ್ದು ಮಾಡಿರಲಾರ ಎಂದು ಅಷ್ಟು ಸಲೀಸಾಗಿ ನಂಬುವುದು ನನಗೆ ಈ ಜನ್ಮದಲ್ಲಿ ಒಂದು ದಿನವೂ ಸಾಧ್ಯವಾಗಿಲ್ಲ. ಅವನು ಕೊಟ್ಟ ಬೂಂದಿಯನ್ನು ಬಾಯಿಗೆ ಹಾಕಿಕೊಂಡು, ಅವನ ಪಕ್ಕದಲ್ಲೇ ಕುಳಿತು, ಎಂದಿಗಿಂತ ಹೆಚ್ಚಾಗಿ ನನಗೆ ಹೊಟ್ಟೆ ಉರಿಯಿತು. ಆ ನಂಬಿಕೆ ಕ್ಯಾಮರಾ ಆಗಿದ್ದರೆ ಎಲ್ಲಾದರೂ ಹುಡುಕಿ ಒಂದು ತಂದುಕೊಳ್ಳಬಹುದಿತ್ತು.